ಆರೋಗ್ಯ ಕಪ್‌ನಿಂದ ಎಲ್ಲರಿಗೂ ಒಂದು ಗುಟುಕು

ಮಾನ್ಯ ಶಿಶುವಿಹಾರಗಳ ಮುಖ್ಯಾಧಿಕಾರಿಗಳೇ,

ತಾವು ಕೊಟ್ಟ ಆರೋಗ್ಯ ಕಪ್ ನಮ್ಮ ಮನೆಯ ಕೂಸನ್ನು ಆಸ್ಪತ್ರೆಗೆ ಸೇರಿಸಿತು. ದೂರು ಇಷ್ಟೇ. ಇಲ್ಲಿಗೇ ರುಜು ಹಾಕಿ ಮುಗಿಸಬಹುದಿತ್ತು. ಆದರೆ ತಮ್ಮ ಕಚೇರಿಯಲ್ಲಿ ಚಿಕ್ಕದಾಗಿ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲವೆಂದು ಕೇಳಿ ಬಲ್ಲೆನಾದ್ದರಿಂದ ಕೊಂಚ ಉದ್ದವಾಗಿಯೇ ಬರೆಯುತ್ತಿದ್ದೇನೆ. ನಾನು ಕಾರು ಓಡಿಸುವುದನ್ನು ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರಿಗಿಂತ ಮೊದಲೇ ಅಪಾಯ ಕಂಡು ಬ್ರೇಕ್ ಒತ್ತುವುದು ನನ್ನ ಕಸುಬು. ತಮ್ಮ ಯೋಜನೆಯಲ್ಲಿ ಬ್ರೇಕ್ ಎಲ್ಲಿದೆ ಎಂದು ಕಾಲಿನಲ್ಲಿ ತಡಕಾಡಿ ಸುಸ್ತಾಗಿದ್ದೇನೆ.

ಯಾವ ಶಿಶುವಿಹಾರದಲ್ಲಿ ತಿಂಗಳಿಡೀ ಒಂದು ಮಗುವೂ ಹಾಜರಿ ತಪ್ಪಿಸಿಕೊಳ್ಳುವುದಿಲ್ಲವೋ ಅದೇ ‘ಅತ್ಯಂತ ಆರೋಗ್ಯವಂತ ಶಿಶುವಿಹಾರ’ ಎಂದು ತಾವು ಘೋಷಿಸಿದಿರಿ. ಗೆದ್ದವರ ಗೇಟಿನ ಮೇಲೆ ಹಸಿರು ಬಾವುಟ, ಮೇಜಿನ ಮೇಲೆ ಹಿತ್ತಾಳೆ ಕಪ್. ಬಂದ ಮಗು ಗಟ್ಟಿಮುಟ್ಟು, ಬಾರದ ಮಗು ಕಾಯಿಲೆ. ಈ ತರ್ಕಕ್ಕೆ ನಾನು ತಲೆಬಾಗುತ್ತೇನೆ. ಇದರ ಪ್ರಕಾರ ಊರಿನ ಅತ್ಯಂತ ಆರೋಗ್ಯವಂತ ಜಾಗ ಯಾವುದು ಗೊತ್ತೇ? ಆಸ್ಪತ್ರೆಯ ವಾರ್ಡು. ಅಲ್ಲಿ ಮಲಗಿದವರು ಒಂದು ದಿನವೂ ತಪ್ಪಿಸಿಕೊಳ್ಳುವುದಿಲ್ಲ. ಮುಂದಿನ ಕಪ್ ಅವರಿಗೇ ಕೊಡಬಾರದೇಕೆ?

ನನ್ನ ನಾಲ್ಕು ವರ್ಷದ ಮಗಳು, ಮನೆಮಂದಿಗೆಲ್ಲ ಚಿಲ್ಟಾರಿ, ಕಲಿಯುವ ಶಿಶುವಿಹಾರ ಕಳೆದ ತಿಂಗಳು ಕಪ್ ಗೆದ್ದಿತು. ಪ್ರದಾನ ಮಾಡಲು ತಾವೇ ಬಂದಿದ್ದಿರಿ. ಆರೋಗ್ಯದ ಮಹತ್ವ ಕುರಿತ ಭಾಷಣದ ಕೊನೆಯಲ್ಲಿ ಆ ಕಪ್ಪಿನ ತುಂಬ ಕಿತ್ತಳೆ ರಸ ಸುರಿಸಿ, ಪ್ರತಿ ಮಗುವೂ ಒಂದೊಂದು ಗುಟುಕು ಕುಡಿಯಲಿ ಎಂದಿರಿ. ಮಕ್ಕಳು ಸಾಲಾಗಿ ಬಂದು ಕುಡಿದರು. ಕೆಲವರು ಕುಡಿದು ಕೆಮ್ಮಿದರು, ಕೆಲವರು ಕೆಮ್ಮಿ ಕುಡಿದರು. ತಳದಲ್ಲಿ ಉಳಿದಿದ್ದನ್ನು ತಾವೇ ಎತ್ತಿ ಕುಡಿದು, “ಮಕ್ಕಳ ಎಂಜಲಿಗೆ ನಾನು ಅಂಜೋನಲ್ಲ” ಎಂದಿರಿ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಕೆಲವೇ ದಿನಗಳಲ್ಲಿ ತರಗತಿಯ ಮೂಗುಗಳೆಲ್ಲ ಒಟ್ಟಾಗಿ ಸೋರತೊಡಗಿದವು. ಚಿಲ್ಟಾರಿಯ ಕೆಮ್ಮು ಕೇಳಿ ಅವಳನ್ನು ಮನೆಯಲ್ಲೇ ಇರಿಸಿಕೊಳ್ಳುತ್ತೇನೆ ಎಂದು ಟೀಚರಿಗೆ ಫೋನ್ ಮಾಡಿದೆ.

“ಜ್ವರ ಇದೆಯಾ?” ಎಂದರು.

“ಜ್ವರ ಇಲ್ಲ. ಮೂಗು ಸೋರ್ತಿದೆ, ಕೆಮ್ಮು.”

“ಹಾಗಾದ್ರೆ ಕಳಿಸ್ಬಿಡಿ. ರೂಲಲ್ಲಿ ಜ್ವರ ಒಂದೇ ಇರೋದು. ಇವಳೊಬ್ಳು ಬರ್ಲಿಲ್ಲ ಅಂದ್ರೆ ಬಾವುಟ ಇಳಿಸ್ಬೇಕಾಗತ್ತೆ.” ಇಷ್ಟು ಹೇಳಿ ಆಕೆಯೇ ಸೀನಿದರು. “ನಂಗೂ ಮೈಗೆ ಹುಷಾರಿಲ್ಲಮ್ಮ. ಏನ್ ಮಾಡ್ಲಿ, ಟೀಚರ್ ಹಾಜರಾತೀನೂ ಲೆಕ್ಕಕ್ಕೆ ತಗೋತಾರೆ.”

ಚಿಲ್ಟಾರಿ ಹೋದಳು. ಗೇಟಿನಲ್ಲಿ ಪಿಸ್ತೂಲಿನಂಥ ಥರ್ಮಾಮೀಟರನ್ನು ಹಣೆಗೆ ಹಿಡಿದರು. ಅವಳು ಅದರ ಮೇಲೇ ಸೀನಿದಳು, ಅದು ಹಸಿರು ದೀಪ ತೋರಿಸಿತು, ಅವಳು ಒಳಗೆ ನಡೆದಳು. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ತೊಟ್ಟಿಲಿಗೆ ಬಗ್ಗಿ ತಂಗಿಗೆ ಮುತ್ತು ಕೊಟ್ಟಳು. ತಂಗಿ ಇನ್ನೂ ಕತ್ತು ನಿಲ್ಲದ ಕೂಸು.

ಕೂಸಿಗೂ ಮೊದಲು ಬರೀ ನೆಗಡಿ. ಆಮೇಲೆ ಹಾಲಿಗೆ ಬಾಯಿ ಹಚ್ಚಿ ಎರಡು ಸಲ ಹೀರಿ ಬಿಟ್ಟುಬಿಡತೊಡಗಿತು. “ಮೂಗು ಕಟ್ಟಿದೆ, ಅದಕ್ಕೆ ಹಟ” ಎಂದರು ನನ್ನ ಅತ್ತೆ. ಯಜಮಾನರು ಮತ್ತೆ ಮತ್ತೆ ಜ್ವರ ನೋಡಿ, “ಇಲ್ಲ, ಇಲ್ಲ” ಎಂದು ನೆಮ್ಮದಿಪಡುತ್ತಿದ್ದರು. ತಮ್ಮ ನಿಯಮ ನಮ್ಮ ಮನೆಯೊಳಗೂ ಜಾರಿಯಾಗಿತ್ತು, ನೋಡಿ. ಮಧ್ಯಾಹ್ನ ಅಂಗಿ ಬದಲಿಸಲು ಬಿಚ್ಚಿದಾಗ ಕಂಡೆ: ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಊರಿಗೆಲ್ಲ ಕಾರು ಕಲಿಸುವ ನನಗೆ ಆ ಹೊತ್ತು ಕೀಲಿ ಹಾಕುವುದು ಎಲ್ಲಿಗೆಂದು ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ಕೂಸಿಗೆ ಆಮ್ಲಜನಕ ಹಚ್ಚಿದ ಮೇಲೆ ಮಕ್ಕಳ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು: “ಇದು ವೈರಸ್ಸು. ದೊಡ್ಡ ಮಕ್ಕಳಿಗೆ ನೆಗಡಿ ಅಷ್ಟೇ, ಕೂಸುಗಳಿಗೆ ಎದೆಗಿಳಿಯತ್ತೆ. ಜ್ವರ ಬರ್ಲೇಬೇಕು ಅಂತೇನಿಲ್ಲ. ಅಂಗಿ ಬಿಚ್ಚಿ ಉಸಿರು ನೋಡಿ. ವೇಗ ಆದ್ರೆ, ಎದೆ ಒಳಗೆ ಎಳೆದ್ರೆ, ಹಾಲು ಬಿಟ್ರೆ, ಉಚ್ಚೆ ಕಮ್ಮಿ ಆದ್ರೆ ಬಂದ್ಬಿಡಿ. ತುಟಿ ನೀಲಿ ಆಯ್ತು, ಇಲ್ಲಾ ಉಸಿರು ನಿಂತು ನಿಂತು ಬರ್ತಿದೆ ಅಂದ್ರೆ ಒಂದು ಕ್ಷಣಾನೂ ಕಾಯ್ಬೇಡಿ.”

“ಗಟ್ಟಿ ಆಂಟಿಬಯೋಟಿಕ್ ಏನಾದ್ರೂ?” ಎಂದರು ಯಜಮಾನರು.

“ವೈರಸ್ಸಿಗೆ ಅದು ನಾಟಲ್ಲ. ಕೂಸಿಗೆ ಕೆಮ್ಮಿನ ಸಿರಪ್ಪೂ ಕೊಡ್ಬೇಡಿ. ಹಾಲಿಗೆ ಮುಂಚೆ ಮೂಗಿಗೆ ಸಲೈನ್ ಹನಿ, ಸ್ವಲ್ಪ ಸ್ವಲ್ಪ ಹಾಲು, ಪದೇ ಪದೇ. ಕೈ ತೊಳೀರಿ. ಅಕ್ಕನ ಮುತ್ತು ಸದ್ಯಕ್ಕೆ ಕಾಲಿಗೆ ಸಾಕು. ಅಲ್ಲ, ಅಕ್ಕನ್ನ ಈ ಕೆಮ್ಮಲ್ಲಿ ಸ್ಕೂಲಿಗೆ ಯಾಕೆ ಕಳಿಸಿದ್ರಿ?”

ನಾನು ಕಪ್ಪಿನ ಕಥೆ ಹೇಳಿದೆ. ಕಿತ್ತಳೆ ರಸದ ತನಕ ಗಂಭೀರವಾಗಿ ಕೇಳಿದ ಡಾಕ್ಟರಮ್ಮ ಆಮೇಲೆ ಹಣೆಗೆ ಕೈ ಹಚ್ಚಿಕೊಂಡು ಕೂತರು.

ಕೂಸು ಚೇತರಿಸಿಕೊಂಡ ಮೇಲೆ ತಮ್ಮನ್ನೇ ಕಾಣಲು ಕಚೇರಿಗೆ ಬಂದಿದ್ದೆ. ತಮ್ಮ ಕೊಠಡಿಗೆ ಬೀಗ. ಹೊರಗೆ ಕೂತಿದ್ದ ಗುಮಾಸ್ತರು, “ಸಾಹೇಬ್ರು ರಜೆ ಮೇಲಿದ್ದಾರೆ. ಆ ಕಪ್ ಫಂಕ್ಷನ್ ಆದ್ಮೇಲಿಂದ ಒಂದೇ ಸಮ ಕೆಮ್ಮು” ಎಂದರು.

“ಜ್ವರಾನೂ ಇದೆಯಾ?”

“ಜ್ವರ ಏನಿಲ್ಲ. ಆಫೀಸಲ್ಲಿ ಬೇರೆಯವ್ರಿಗೆ ಅಂಟೋದು ಬೇಡ ಅಂತ ಮನೇಲೇ ಇದ್ದಾರೆ.”

ಎಷ್ಟು ವಿವೇಕದ ಮಾತು! ಇದನ್ನೇ ತಾವು ಅಚ್ಚು ಹಾಕಿಸಿ ಎಲ್ಲ ಗೇಟಿಗೂ ಅಂಟಿಸಿದ್ದರೆ ಸಾಕಿತ್ತಲ್ಲ, ಸ್ವಾಮಿ. ಕೆಲಸಕ್ಕೆ ಬಾರದ ತಿಂಗಳಲ್ಲಿ ತಾವು ಮಾಡಿದಷ್ಟು ಒಳ್ಳೆಯ ಸಾರ್ವಜನಿಕ ಸೇವೆಯನ್ನು ಬೇರಾವ ತಿಂಗಳೂ ಮಾಡಿಲ್ಲ.

ಕೂಸು ಈಗ ಮನೆಯಲ್ಲಿದೆ. ಹಾಲು ತಡವಾದರೆ ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತದೆ. ಅದರ ಅರಚಾಟ ಇಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ. ಆದರೆ ಚಿಲ್ಟಾರಿಗೆ ಮತ್ತೆ ಹೊಸ ನೆಗಡಿ. ನಾಳೆ ತಿಂಗಳ ಕೊನೆಯ ದಿನ; ಅವಳ ಶಿಶುವಿಹಾರದಲ್ಲಿ ಈ ತಿಂಗಳೂ ಇನ್ನೂ ಯಾರೂ ತಪ್ಪಿಸಿಕೊಂಡಿಲ್ಲ. ಸಂಜೆಯಿಂದ ಅವಳು ಕೆಮ್ಮನ್ನು ದಿಂಬಿನಲ್ಲಿ ಅಡಗಿಸಿಕೊಳ್ಳುತ್ತಿದ್ದಾಳೆ. ಯಾಕೆಂದು ಕೇಳಿದರೆ, “ನಾನು ಹೋಗ್ದಿದ್ರೆ ಎಲ್ರೂ ಸೋಲ್ತಾರೆ. ಹೋದ್ರೆ ಪಾಪು ಮತ್ತೆ ಆಸ್ಪತ್ರೆಗೆ ಹೋಗತ್ತೆ. ಏನ್ ಮಾಡ್ಲಮ್ಮ?” ಎಂದಳು.

ನಗುನಗುತ್ತಲೇ ಬರೆಯುತ್ತ ಬಂದವಳಿಗೆ ಇಲ್ಲಿ ನಗು ಬರುತ್ತಿಲ್ಲ. ಈ ಲೆಕ್ಕವನ್ನು ನಾಲ್ಕು ವರ್ಷದ ಮಗುವಿನ ತಲೆಗೆ ಕಟ್ಟಿದವರು ತಾವು, ಬಿಡಿಸಬೇಕಾದವರೂ ತಾವೇ. ಹಾಜರಾತಿಗೆ ಕಪ್ ಕೊಡುವುದನ್ನು ಈ ವಾರವೇ ನಿಲ್ಲಿಸಿ. ಗೇಟಿನಲ್ಲಿ ಜ್ವರದ ಜೊತೆ ಕೆಮ್ಮನ್ನೂ ಉಸಿರನ್ನೂ ನೋಡಲು ಕಲಿಸಿ. ಮಕ್ಕಳಿಗೂ ಟೀಚರಿಗೂ ತಮಗೆ ಸಿಕ್ಕಂಥದೇ ರಜೆ ಕೊಡಿ. ಮತ್ತು ದಯವಿಟ್ಟು ಒಮ್ಮೆ ಆ ಮಕ್ಕಳ ಮುಂದೆ ನಿಂತು, ತಮ್ಮ ಬಾಯಿಂದಲೇ, ಮನೆಯಲ್ಲಿ ಉಳಿದ ಮಗು ಯಾರನ್ನೂ ಸೋಲಿಸಲಿಲ್ಲ ಎಂದು ಹೇಳಿ. ನಾನು ಹೇಳಿ ನೋಡಿದೆ, ಅವಳು ನಂಬುತ್ತಿಲ್ಲ.

ಇಂತಿ,
ನಾಳೆ ಮಗಳನ್ನು ಕಳಿಸದೆ ಇಡೀ ಶಿಶುವಿಹಾರವನ್ನು ಅನಾರೋಗ್ಯಕ್ಕೆ ದೂಡಲಿರುವ
ಒಬ್ಬ ತಾಯಿ