ದೂರದ ಬುರುಡೆಯ ಬಳಿ ಯಾರಿದ್ದರು?

ಕೋಚ್ ಆರ್ವೋ ಮಾಕೆಲಾ ಅವರಿಗೆ,

ನಿಮ್ಮ ಐಲಿ ಬರೆಯುತ್ತಿರುವುದು. ‘ನಿಮ್ಮ’ ಎಂದುಕೊಳ್ಳುವ ಹಕ್ಕು ನನಗೆ ಈಗಲೂ ಇದೆಯೋ ಇಲ್ಲವೋ ತಿಳಿಯದು, ಇದೆ ಎಂದುಕೊಂಡೇ ಬರೆಯುತ್ತೇನೆ. ಭಾನುವಾರ ನಿಮ್ಮ ಮನೆಗೆ ಬಂದಿದ್ದೆ. ಸೌನಾ ಬಚ್ಚಲಿನ ಕೊಳವೆಯಿಂದ ಹೊಗೆ ಏಳುತ್ತಿತ್ತು, ಅಡುಗೆಮನೆಯ ಪರದೆ ಅಲ್ಲಾಡಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಬಾಯಲ್ಲಿ ಹೇಳಬೇಕಾದದ್ದನ್ನು ಕಾಗದದಲ್ಲಿ ಹೇಳುವಂತೆ ಮಾಡಿದವರು ನೀವೇ.

ಬೇಕರಿಯಲ್ಲಿ ನೀವು ಆಡಿದ ಮಾತು ನನ್ನ ಕಿವಿಗೂ ಬಿದ್ದಿದೆ. “ಐಲಿ ಆ ಗ್ರ್ಯಾಂಡ್ ರ‍್ಯಾಪಿಡ್ಸ್ ಹೆಂಗಸಿನ ಕಡೆ ಸೇರ್ಕೊಂಡ್ಳು. ನನ್ನ ಸ್ಪರ್ಧೆ ದಿನ ದೋಣಿ ತಗೊಂಡು ಬೇಹು ನೋಡೋಕೆ ಬಂದಿದ್ಲು” ಎಂದಿರಂತೆ. ಬೇಹು ನೋಡಲು ಬಂದದ್ದು ನಿಜ, ಕೋಚ್. ಆದರೆ ನನ್ನನ್ನು ಯಾರೂ ಕಳಿಸಿರಲಿಲ್ಲ.

ಸೊಂಟದ ನೋವಿಗೆ ಈಜುವುದೇ ಮದ್ದು ಎಂದು ಡಾಕ್ಟರು ಹೇಳಿ, ನಾನು ಹೈಸ್ಕೂಲಿನ ಈಜುಕೊಳದ ಅಂಚಿನಲ್ಲಿ ಇಳಿಯಲು ಹೆದರಿ ನಿಂತಿದ್ದಾಗ ನಿಮ್ಮ ಪರಿಚಯವಾಯಿತು. ದಿನವಿಡೀ ದಂತವೈದ್ಯರ ಪಕ್ಕ ಬಗ್ಗಿ ನಿಂತು ಜನರ ಬಾಯಿ ನೋಡುವ ಕೆಲಸ ನನ್ನದು. ಪರರ ಬಾಯೊಳಗೆ ನೀರು ಬಿಡುವುದು ಗೊತ್ತಿತ್ತೇ ಹೊರತು, ನೀರೊಳಗೆ ನಾನೇ ಇಳಿಯುವುದು ಗೊತ್ತಿರಲಿಲ್ಲ. ಮೊದಲ ದಿನ ನಾನು ನೇರ ತಳ ಸೇರಿದಾಗ ನೀವು ಕೈಹಿಡಿದು ಮೇಲೆತ್ತಿ, “ಏನಮ್ಮಾ ಕಲ್ಲುಗುಂಡು, ಮುಳುಗೋದ್ರಲ್ಲಿ ನೀನೇ ಫಸ್ಟು! ಇನ್ನು ತೇಲೋದೊಂದು ಕಲಿತ್ರೆ ಆಯ್ತು” ಎಂದಿರಿ. ಕೊಳದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆ ನಗುವಿನಲ್ಲಿ ಅರ್ಧ ಭಯ ಕರಗಿತು. ಮುಂದಿನ ಬೇಸಿಗೆಯಲ್ಲಿ ನಿಮ್ಮ ಟ್ರಯಥ್ಲಾನಿನಲ್ಲಿ, ದಾರಿಯ ಗುರುತಿಗೆಂದು ನೀವು ಸರೋವರದಲ್ಲಿ ತೇಲಿಬಿಟ್ಟ ಬುರುಡೆಗಳನ್ನು ಬಳಸಿ ಈಜಿ, ಸೈಕಲ್ ತುಳಿದು, ಓಡಿ, ಕೊನೆಯವಳಾಗಿ ಗೆರೆ ದಾಟಿದಾಗ, ಎಲ್ಲರೂ ಮನೆಗೆ ಹೋದ ಮೇಲೂ ಬಿಸಿ ಪ್ಯಾಸ್ಟಿ ಹಿಡಿದು ನಿಂತಿದ್ದವರು ನೀವೊಬ್ಬರೇ. ಅದರ ಒಳಗಿನ ಆಲೂಗಡ್ಡೆ ನಾಲಿಗೆ ಸುಟ್ಟದ್ದು ಇವತ್ತಿಗೂ ನೆನಪಿದೆ.

ಆದ್ದರಿಂದ ವಸಂತದಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ ಕೋರಿನ್ ವಾನ್ ಡೈಕ್ ಬಂದು, ನಮ್ಮ ಟಾಮರಾಕ್ ಸರೋವರದಲ್ಲೇ ನಿಮ್ಮ ಸ್ಪರ್ಧೆಯ ಬೆನ್ನಿಗೇ ಇನ್ನೊಂದು ಟ್ರಯಥ್ಲಾನ್ ನಡೆಸುತ್ತೇನೆಂದಾಗ, ಮೊದಲು ಮೂಗು ಮುರಿದವಳು ನಾನೇ. “ನೀರಿಗೆ ಬುರುಡೆ ಬಿಡೋನು ನಾನು. ಊರಿಗೇ ಬುರುಡೆ ಬಿಡೋಳು ಅವಳು” ಎಂದು ನೀವು ಹೇಳಿದ್ದನ್ನು ಕ್ಲಿನಿಕ್ಕಿಗೆ ಬಂದವರಿಗೆಲ್ಲ ಹೇಳಿದೆ. ಲೈಬ್ರರಿ ಹಾಲಿನಲ್ಲಿ ಅವಳು ಕರೆದ ಸಭೆಗೆ ಹೋದದ್ದೂ ಅವಳ ಬಣ್ಣ ಬಯಲು ಮಾಡಲಿಕ್ಕೇ. ಕಾಫಿ, ಡೋನಟ್ಟು, ಗೋಡೆಯ ಮೇಲೆ ನಗುವ ಮುಖಗಳ ದೊಡ್ಡ ಚಿತ್ರಗಳು. ಆ ಚಿತ್ರಗಳಲ್ಲಿದ್ದ ನೀರು ನಮ್ಮ ಸರೋವರದ್ದಲ್ಲ ಎಂದು ನೋಡಿದೊಡನೆ ಗೊತ್ತಾಯಿತು. ನಮ್ಮಲ್ಲಿ ಅಷ್ಟು ನೀಲಿ ಎಲ್ಲಿದೆ? ಸರಿ, ಸಿಕ್ಕಿಬಿದ್ದಳು ಎಂದುಕೊಂಡು ಎದ್ದು ನಿಂತು ಕೇಳಿದೆ.

“ದಡದಿಂದ ಕಾಣದ ಆ ದೂರದ ಬುರುಡೆ ಹತ್ರ ಯಾರಿರ್ತಾರೆ?”

ಅವಳು ತಡವರಿಸಲಿಲ್ಲ. ಎರಡು ದೋಣಿ, ಜೀವರಕ್ಷಕರು, ಅವರ ಹೆಸರು, ನೀರಿಗಿಳಿದವರನ್ನೂ ಎದ್ದವರನ್ನೂ ಎಣಿಸುವ ಬಗೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ನನ್ನ ಅನುಮಾನ ಇಮ್ಮಡಿಯಾಯಿತು. ನಮ್ಮ ಕಸುಬಿನಲ್ಲಿ ಒಂದು ಮಾತಿದೆ, ‘ದಿನಾ ರಾತ್ರಿ ಹಲ್ಲುಜ್ಜುತ್ತೇನೆ’ ಎಂದು ಕೇಳುವ ಮೊದಲೇ ಹೇಳುವವನ ಒಸಡಿನಲ್ಲೇ ರಕ್ತ ಬರುವುದು. ಆದರೆ ಕೊನೆಗೆ ಅವಳು ಮೆತ್ತಗೆ ಕೇಳಿದಳು, “ಒಳ್ಳೇ ಪ್ರಶ್ನೆ. ನಿಮ್ಮೂರಿನ ಸ್ಪರ್ಧೆಯವರಿಗೂ ಇದನ್ನೇ ಕೇಳಿದೀರಾ?”

ನನಗೆ ಮೈಯೆಲ್ಲ ಉರಿಯಿತು. ಆದರೂ ಮನೆಗೆ ಬರುವ ಹೊತ್ತಿಗೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಇಷ್ಟು ವರ್ಷ ನಿಮ್ಮ ಸ್ಪರ್ಧೆಯಲ್ಲಿ ಈಜಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ. ನೀವಿದ್ದೀರಿ, ಸಾಕು ಎಂದುಕೊಂಡಿದ್ದೆ.

ಮರುದಿನ ನಿಮ್ಮ ಗ್ಯಾರೇಜಿಗೆ ಬಂದೆ. ನೀವು ಕಿತ್ತಳೆ ಬುರುಡೆಗಳಿಗೆ ತೇಪೆ ಹಾಕುತ್ತಿದ್ದಿರಿ. ತಮಾಷೆಯ ದನಿಯಲ್ಲೇ ಕೇಳಿದೆ.

“ದೂರದ ಬುರುಡೆ ಹತ್ರ ಈ ಸಲ ಯಾರು ಕೋಚ್?”

“ಇನ್ಯಾರು? ನಿಯೆಮಿ ಗಂಡ ಹೆಂಡ್ತಿ. ಪ್ರತಿ ವರ್ಷ ಅವ್ರೇ ತಾನೆ.”

ನಿಯೆಮಿ ದಂಪತಿ ಚಳಿಗಾಲದಲ್ಲೇ ಮನೆ ಮಾರಿ ಡುಲೂತಿಗೆ ಹೋಗಿದ್ದರು. ಹೋಗುವ ಮುನ್ನ ಹಲ್ಲು ಶುಚಿ ಮಾಡಿಸಿಕೊಳ್ಳಲು ನನ್ನ ಕುರ್ಚಿಯಲ್ಲೇ ಕೂತಿದ್ದರು. ನಿಮ್ಮ ಮನೆಯಲ್ಲೇ ಅವರಿಗೆ ಬೀಳ್ಕೊಡುಗೆ ಊಟವಾಗಿತ್ತಲ್ಲ, ಕೋಚ್? ನೀವು ಮರೆತಿದ್ದೀರೋ, ಮರೆಮಾಚುತ್ತಿದ್ದೀರೋ? ಎರಡರಲ್ಲಿ ಯಾವುದು ಹೆಚ್ಚು ಭಯಂಕರ ಎಂದು ತೀರ್ಮಾನಿಸಲಾಗದೆ ಸೈಕಲ್ ತುಳಿದುಕೊಂಡು ಮನೆಗೆ ಬಂದೆ.

“ಶೆರಿಫರ ದೋಣಿನೂ ಬರುತ್ತೆ ಬಿಡು” ಎಂದೂ ನೀವು ಹೇಳಿದ್ದಿರಿ. ಆ ವಾರವೇ ಶೆರಿಫರ ಕೈಕೆಳಗಿನ ಪೊಲೀಸು, ಡೆಪ್ಯುಟಿ ಗಾರ್ತ್, ದವಡೆ ಹಲ್ಲು ಹಿಡಿದುಕೊಂಡು ಬಂದ. ಬಾಯಲ್ಲಿ ಹತ್ತಿ, ಕೊಳವೆ, ಡಾಕ್ಟರ ಬೆರಳು. “ಆರ್ವೋ ಸ್ಪರ್ಧೆಗೆ ನಿಮ್ಮ ದೋಣಿ ಬರುತ್ತಂತೆ?” ಎಂದೆ. ಪಾಪ, ಮಾತಾಡಲಾಗದೆ ಕಣ್ಣರಳಿಸಿ, ಇಲ್ಲವೆಂದು ತಲೆಯಾಡಿಸಿದ. ಬಾಯಿ ತೆರೆದಿದ್ದೂ ಸುಳ್ಳು ಹೇಳಲಾಗದವನೆಂದರೆ ಹಲ್ಲು ಕೀಳಿಸಿಕೊಳ್ಳುತ್ತಿರುವವನೊಬ್ಬನೇ.

ಅಂದಿನಿಂದ ನಿಮ್ಮ ಪ್ರತಿ ಮಾತನ್ನೂ ತಟ್ಟಿ ನೋಡತೊಡಗಿದೆ. ಇದು ನನಗೆ ಇಷ್ಟವಿತ್ತೆಂದು ತಿಳಿಯಬೇಡಿ. ಈಜು ಕಲಿಸಿದವರನ್ನು ಅನುಮಾನಿಸುವುದೆಂದರೆ ನೀರಿನ ನಡುವೆ ಕೈಕಾಲು ಆಡಿಸುವುದನ್ನೇ ಅನುಮಾನಿಸಿದ ಹಾಗೆ. ಭುಜ ಹಿಡಿದುಕೊಂಡಿದೆ, ಈ ಸಲ ಸ್ಪರ್ಧೆಗೆ ಬರುವುದಿಲ್ಲ ಎಂದು ನಿಮಗೆ ಹೇಳಿದೆ. ಭುಜಕ್ಕೆ ಏನೂ ಆಗಿರಲಿಲ್ಲ. ಸ್ಪರ್ಧೆಯ ಬೆಳಿಗ್ಗೆ ನನ್ನಣ್ಣನ ದೋಣಿ ಹತ್ತಿ, ಜೊಂಡಿನ ಮರೆಯಲ್ಲೇ ಹುಟ್ಟು ಹಾಕುತ್ತ ದೂರದ ಬುರುಡೆಯ ಹತ್ತಿರ ಹೋಗಿ ನಿಂತೆ. ಅಲ್ಲಿ ಒಬ್ಬರಾದರೂ ಇರಲಪ್ಪಾ, ನನ್ನ ಅನುಮಾನ ಸುಳ್ಳಾಗಲಿ, ನಾಚಿಕೊಂಡು ಮನೆಗೆ ಹೋಗುತ್ತೇನೆ ಎಂದು ದೇವರನ್ನು ಕೇಳಿಕೊಂಡಿದ್ದೆ.

ಯಾರೂ ಇರಲಿಲ್ಲ.

ಪಡುವಣ ಗಾಳಿ ಎದ್ದಿತ್ತು. ಈಜುಗಾರರ ಟೋಪಿಗಳು ಗುಂಪುಗುಂಪಾಗಿ ಬಂದು, ಬುರುಡೆ ಬಳಸಿ, ತಿರುಗಿ ಹೋದವು. ಎಲ್ಲರೂ ಹೋದರು ಎಂದುಕೊಂಡಾಗ ಅಲೆಗಳ ನಡುವೆ ಒಂದು ಟೋಪಿ ನಿಂತಲ್ಲೇ ನಿಂತಿತ್ತು. ಕೂಗಿಲ್ಲ, ಕೈಬೀಸುವುದಿಲ್ಲ. ಮುಖ ಆಕಾಶ ನೋಡುತ್ತಿತ್ತು, ಬಾಯಿ ನೀರಿನ ಮಟ್ಟದಲ್ಲಿತ್ತು. ಮುಳುಗುವವನು ಕೂಗುವುದಿಲ್ಲ, ಕೂಗಲು ಅವನಿಗೆ ಉಸಿರಿರುವುದಿಲ್ಲ ಎಂದು ಕಲಿಸಿದವರು ನೀವು. ಆ ಪಾಠ ಇಲ್ಲದಿದ್ದರೆ ಅವನು ಸುಧಾರಿಸಿಕೊಳ್ಳುತ್ತಿದ್ದಾನೆಂದು ನಾನೂ ಸುಮ್ಮನಿರುತ್ತಿದ್ದೆ. ಎದೆ ಬಿರಿಯುವಂತೆ ಹುಟ್ಟು ಹಾಕಿದೆ. ಹುಟ್ಟಿನ ತುದಿಯನ್ನು ಚಾಚಿದಾಗ ಹಿಡಿದ ಆ ಹಿಡಿತ! ದೋಣಿಯೇ ಮಗುಚಬೇಕಿತ್ತು. ಕೊನೆಗೆ ದೋಣಿಯ ಮೂತಿಗೆ ಅವನ ಎರಡೂ ಕೈ ಆನಿಸಿ, ಜೊಂಡಿನ ಕಡೆ ಎಳೆದುಕೊಂಡು ಹೊರಟೆ.

ಅವನು ಪೋಸ್ಟ್ ಆಫೀಸಿನ ಲಾಯ್ಡ್ ಪೆಲ್ಟಿಯರ್. ನಿಮಗೆ ಹೇಳಬಹುದೆಂದು ಅವನೇ ಒಪ್ಪಿದ್ದಾನೆ. ಅವನ ಮೊದಲ ಟ್ರಯಥ್ಲಾನ್ ಅದು. ಅವತ್ತು ಅವನ ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟಿಸುತ್ತಿತ್ತು. ಮೊದಲು ಆಡಿದ ಮಾತು “ಐಲಿ, ನನ್ನ ಹೆಂಡ್ತಿಗೆ ಹೇಳ್ಬೇಡ” ಎಂದು.

ಆಗಲೇ ದಡದ ಕಡೆಯಿಂದ ಮೈಕಿನಲ್ಲಿ ನಿಮ್ಮ ದನಿ ತೇಲಿ ಬಂತು. “ಎಲ್ಲರೂ ಕ್ಷೇಮವಾಗಿ ನೀರಿಂದ ಹೊರಗೆ ಬಂದಿದ್ದಾರೆ! ಚಪ್ಪಾಳೆ!”

ಚಪ್ಪಾಳೆಯೂ ಕೇಳಿಸಿತು. ಲಾಯ್ಡ್ ದೋಣಿಯ ಮೂತಿಗೆ ಕೆನ್ನೆಯಾನಿಸಿಕೊಂಡೇ ಕೇಳಿದ, “ಎಲ್ಲರೂ ಬಂದ್ರಂತೆ. ಹಾಗಾದ್ರೆ ನಾನ್ಯಾರು?”

ಕೋಚ್, ಈ ಪತ್ರ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ. ಮರೆವು ಯಾರಿಗಿಲ್ಲ? ಆಳುಗಳ ಕೊರತೆ ಯಾರಿಗಿಲ್ಲ? ಆದರೆ ನೀವು ಎಣಿಸದೆಯೇ ಎಲ್ಲರೂ ಬಂದರೆಂದಿರಿ.

ಅವನನ್ನು ಜೊಂಡಿನ ಪಕ್ಕದ ದಡದಲ್ಲಿರುವ ಹೈಕಿನೆನ್ ಮನೆಯವರ ದೋಣಿಕಟ್ಟೆಗೆ ಹತ್ತಿಸಿ, ಕಂಬಳಿ ಹೊದಿಸಿ, ನಿಮ್ಮ ಹತ್ತಿರ ಓಡಿ ಬಂದೆ. ನನ್ನ ಒದ್ದೆ ಪ್ಯಾಂಟು ನೋಡಿದಿರಿ, ಕೈಯಲ್ಲಿದ್ದ ಹುಟ್ಟು ನೋಡಿದಿರಿ. ನಾನು ಬಾಯಿ ತೆರೆಯುವ ಮುನ್ನವೇ ಎಲ್ಲರೆದುರು, “ಭುಜ ನೋವು ಅಂದವಳಿಗೆ ಹುಟ್ಟು ಹಾಕೋಕಾಗುತ್ತೆ! ಯಾರು ಕಳಿಸಿದ್ರೇ ನಿನ್ನ? ಅವಳೇನಾ?” ಎಂದಿರಿ. ಹೇಳಬೇಕಾದದ್ದನ್ನು ಹೇಳದೆಯೇ ಲಾಯ್ಡನ ಹತ್ತಿರ ಹಿಂದಿರುಗಿದೆ. ಲಾಯ್ಡ್ ಮಾನ ಉಳಿಸಿಕೊಳ್ಳಲು ಸೈಕಲ್ ಪಂಕ್ಚರ್ ಆಯಿತೆಂದು ಎಲ್ಲರಿಗೂ ಹೇಳಿಕೊಂಡ. ಹಾಗಾಗಿ ಊರಿಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಕೋರಿನ್‌ಗೆ ಹೇಗೋ ಗೊತ್ತಾಯಿತು. ಹೈಕಿನೆನ್ ಕಡೆಯಿಂದಲೇ ಇರಬೇಕು. ಕ್ಲಿನಿಕ್ಕಿನ ಬಾಗಿಲಲ್ಲಿ ನನ್ನನ್ನು ಹಿಡಿದು, “ನೀವು ಮಾಡಿದ್ದು ದೊಡ್ಡ ಕೆಲಸ. ಇದನ್ನ ಸಭೇಲಿ ಹೇಳ್ಬೇಕು. ಆ ಮನುಷ್ಯ ಒಂದು ಫೋಟೋಗೆ ಒಪ್ತಾನಾ?” ಎಂದಳು. ಮುಳುಗುತ್ತಿದ್ದವನ ಮುಖ ಅವಳ ಗೋಡೆಯ ಮೇಲೆ ತೂಗಬೇಕಂತೆ! “ಬಾಯಿ ತೋರಿಸೋದಿದ್ರೆ ಒಳಗೆ ಬನ್ನಿ, ಇಲ್ಲಾಂದ್ರೆ ದಾರಿ ಬಿಡಿ” ಎಂದು ಅಟ್ಟಿದೆ.

ಆದರೂ ಅವಳ ಸ್ಪರ್ಧೆಯಲ್ಲಿ ಈಜಿದೆ. ನಿಮ್ಮನ್ನು ಪರೀಕ್ಷಿಸಿ ಅವಳನ್ನು ಬಿಟ್ಟರೆ ಅದು ಯಾವ ನ್ಯಾಯ? ಹಿಂದಿನ ದಿನ ಕಟ್ಟೆಗೆ ಹೋಗಿ ದೋಣಿಗಳನ್ನು ನೋಡಿದೆ, ಹೇಳಿದ ಜನರೇ ಇದ್ದಾರೆಯೇ ಎಂದು ಒಬ್ಬೊಬ್ಬರನ್ನೂ ಮಾತಾಡಿಸಿದೆ. ಇದ್ದರು. ಕಾಲಿಗೆ ಗುರುತಿನ ಪಟ್ಟಿ ಕಟ್ಟಿದರು, ಇಳಿಯುವಾಗ ಎಣಿಸಿದರು, ಏಳುವಾಗ ಎಣಿಸಿದರು. ದೂರದ ಬುರುಡೆಯ ಬಳಿ ದೋಣಿಯವಳು ನನ್ನ ನಂಬರು ಕೂಗಿ “ಪರವಾಗಿಲ್ವಾ?” ಎಂದು ಕೇಳಿದಳು. ಪರವಾಗಿಲ್ಲ ಎಂದೆ. ಅವಳಿಗೆ ನನ್ನ ನಂಬರು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಗೆರೆ ದಾಟಿದಾಗ ಒಂದು ಪದಕ ಕೊರಳಿಗೆ ಬಿತ್ತು, ಹಾಕಿದ ಹುಡುಗಿ ಆಗಲೇ ನನ್ನ ಹಿಂದಿನವನನ್ನು ನೋಡುತ್ತಿದ್ದಳು. ಸಂಜೆಗೆ ಬೇಲಿ, ಬ್ಯಾನರು, ಜನ ಎಲ್ಲ ಮಾಯ. ಇವಳು ಇನ್ನೊಂದು ಸರೋವರ ಸಿಕ್ಕಿದ ದಿನ ನಮ್ಮನ್ನು ಬಿಟ್ಟು ಹೋಗುವವಳೇ. ನನಗೆ ಅವಳ ಮೇಲೆ ನಂಬಿಕೆ ಇಲ್ಲ. ಆದರೆ ಅವಳ ಎಣಿಕೆಯ ಮೇಲೆ ಇದೆ.

ಮಂಗಳವಾರ ಟೌನ್‌ಶಿಪ್ ಸಭೆಯಲ್ಲಿ ಸರೋವರವನ್ನು ಇನ್ನು ಮುಂದೆ ನಿಮಗೆ ಬಿಡುವುದೋ ಅವಳಿಗೋ ಎಂದು ತೀರ್ಮಾನವಾಗುತ್ತದೆ. ಇಬ್ಬರ ಸ್ಪರ್ಧೆಯಲ್ಲೂ ಇದ್ದವಳೆಂದು ನನ್ನನ್ನು ಕೇಳುತ್ತಾರೆ. ಲಾಯ್ಡನ ಹೆಸರನ್ನು ನಾನು ಎತ್ತುವುದಿಲ್ಲ. ಆದರೆ ದೂರದ ಬುರುಡೆಯ ಬಳಿ ಯಾರೂ ಇರಲಿಲ್ಲ ಎಂದು, ನೀರಿನಲ್ಲಿ ಇನ್ನೊಬ್ಬ ಇದ್ದಾಗಲೇ ಎಲ್ಲರೂ ಬಂದರೆಂದು ಮೈಕಿನಲ್ಲಿ ಹೇಳಿದರೆಂದು ಹೇಳುತ್ತೇನೆ. ನೀವು ಅದಕ್ಕೂ ಮೊದಲೇ ಎದ್ದು, “ನೀರಿನ ಕಾವಲು ನನ್ನೊಬ್ಬನ ಕೈಲಾಗಲ್ಲ, ಜನ ಬೇಕು” ಎಂದರೆ ನನ್ನಷ್ಟು ಸಂತೋಷಪಡುವವರು ಆ ಸಭೆಯಲ್ಲಿ ಇನ್ನೊಬ್ಬರಿರುವುದಿಲ್ಲ. ನೀವು ಹಾಗೆ ಹೇಳುವವರಲ್ಲ ಎಂಬ ಅನುಮಾನ ನನಗಿದೆ. ಈಗ ಎಲ್ಲದರಲ್ಲೂ ಅನುಮಾನವೇ.

ನಾನು ಕೂರುವುದು ಕೋರಿನ್‌ನ ಕಡೆಯಲ್ಲಲ್ಲ. ನೀವು ಎಲ್ಲಿ ಕೂತಿದ್ದರೂ ನಿಮ್ಮ ಪಕ್ಕದ ಕುರ್ಚಿಯಲ್ಲಿ ಬಂದು ಕೂರುತ್ತೇನೆ. ಕರೆದಾಗ ಎದ್ದು ನಿಂತು ನಿಮ್ಮ ವಿರುದ್ಧ ಹೇಳಬೇಕಾದದ್ದನ್ನೆಲ್ಲ ಹೇಳುತ್ತೇನೆ. ಹೇಳಿ ಮುಗಿಸಿ ಮತ್ತೆ ಅದೇ ಕುರ್ಚಿಗೆ ಬಂದು ಕೂರುತ್ತೇನೆ. ಅಲ್ಲಿಂದ ಎದ್ದು ಹೋಗಬೇಕೆಂದಿದ್ದರೆ ನೀವೇ ಹೋಗಬೇಕು, ಕೋಚ್. ನಾನಂತೂ ಏಳುವುದಿಲ್ಲ.

ದೇವರು ನಿಮ್ಮ ಎದೆಗೆ ಗಟ್ಟಿ ಉಸಿರನ್ನೂ, ನಾಲಿಗೆಗೆ ಒಂದು ನಿಜದ ಮಾತನ್ನೂ ಕೊಡಲಿ.

ನಿಮ್ಮ ಕೈಯಿಂದ ತೇಲಲು ಕಲಿತವಳು,
ಐಲಿ ಕೋಸ್ಕಿ