ಮಂಡಿಯೊಳಗಿನ ರಬ್ಬರು

ಮಾರ್ಚ್ 4
ಟಪಾಲಿನವಳಿಗೆ ಕೃತಕ ಕಾಲು ಜೋಡಿಸಿದೆ. ಎಡಗಾಲು, ಮಂಡಿಯೂ ಸೇರಿ. ಎರಡು ಕಂಬಿಗಳ ನಡುವೆ ನಡೆಸಿದೆ. ಎಂದಿನಂತೆ ಕಣ್ಣು ಮುಚ್ಚಿ ಹೆಜ್ಜೆಯ ಸದ್ದು ಕೇಳಿದೆ. ಎಡ ಹೆಜ್ಜೆ ತುಸು ತಡ. ಸ್ಕ್ರೂ ಒಂಚೂರು ತಿರುಗಿಸಿದೆ. ಈಗ ಸರಿ. "ಇನ್ನು ಬೀದಿ ಬೀದಿ ಆರಾಮಾಗಿ ಸುತ್ತಬಹುದು ಅಕ್ಕಾ" ಅಂದಳು.

ಕೃತಕ ಕಾಲಿನ ಕಂಪನಿಯವನು ಮತ್ತೆ ಬಂದಿದ್ದ. ನಾನು ಮಾಡಿದ ಈ ಅಗ್ಗದ ಮಂಡಿಯ ಹಕ್ಕು ಪೂರಾ ಅವರಿಗೆ ಬೇಕಂತೆ. ನಮ್ಮ ಯಜಮಾನರು ಊಟಕ್ಕೆ ಕೂತಾಗ, "ಕಾಲು ಮಾಡೋಳು ನೀನು, ಸರಿ. ಹಾಗಂತ ಬಂದಿದ್ದನ್ನ ಕಾಲಲ್ಲಿ ಒದೀಬೇಡ" ಅಂದರು. ನಗು ಬರಬೇಕಿತ್ತು.

ಮಾರ್ಚ್ 19
ಸಹಿ ಹಾಕಿದೆ. "ನಿಮ್ಮ ಮಂಡಿ ಪ್ರಪಂಚಕ್ಕೆಲ್ಲ ಹೋಗುತ್ತೆ ಮೇಡಂ" ಅಂದ ಕಂಪನಿಯವನು. ಈಗಿನ ರೇಟಿಗೇ ಸಿಗುತ್ತಾ ಅಂತ ಕೇಳಿದೆ. "ಖಂಡಿತ... ನೋಡೋಣ." ಎರಡು ಮಾತೂ ಕೇಳಿಸಿದವು. ಆದರೆ ಅವನು ಕಾರಿಡಾರಿನಲ್ಲಿ ಬರುವಾಗ ಹೆಜ್ಜೆ ಎಷ್ಟು ಸಮ ಇತ್ತು! ಇಪ್ಪತ್ತಾರು ವರ್ಷ ಹೆಜ್ಜೆ ಕೇಳಿ ಕೇಳಿ ನನಗೆ ಈ ಗತಿ — ಇಷ್ಟು ನೆಟ್ಟಗೆ ನಡೆಯುವವನು ಮೋಸ ಮಾಡಲಾರ ಅನ್ನಿಸಿಬಿಟ್ಟಿತು.

ಸಂತೋಷ ಆಗಲಿಲ್ಲ. ದುಃಖವೂ ಇಲ್ಲ.

ಆಗಸ್ಟ್ 11
ಹೊಸ ಮನೆ, ಕಂಪನಿ ಕೊಟ್ಟ ದುಡ್ಡಿನದು. ಐದು ರೂಮು, ಇಬ್ಬರು ಜನ. ಇವರು ಪರದೆಯ ಬಟ್ಟೆ ಆರಿಸುವುದರಲ್ಲಿ ಮುಳುಗಿದ್ದಾರೆ. ಪಾಪ, ಮೂವತ್ತು ವರ್ಷ ಬಾಡಿಗೆ ಮನೆಗಳಲ್ಲಿ ಮಾಲೀಕರ ಕೈಲಿ ಮಾತು ಕೇಳಿದವರು. ದುಡ್ಡು ಕೆಟ್ಟದ್ದಲ್ಲ, ಇವರ ಮುಖ ನೋಡಿದರೆ ಗೊತ್ತಾಗುತ್ತದೆ. ನನಗೇ ಯಾಕೋ... "ಕೂತು ತಿನ್ನೋಕೂ ಕಷ್ಟನಾ ನಿಂಗೆ?" ಅಂತಾರೆ ಇವರು. ಗೊತ್ತಿಲ್ಲ. ಕಾಫಿಗೆ ಸಕ್ಕರೆ ಹಾಕಿದೆನೋ ಇಲ್ಲವೋ, ಕುಡಿದ ಮೇಲೂ ತಿಳಿಯುವುದಿಲ್ಲ.

ಆಗಸ್ಟ್ 29
ಗೇಟಿನ ಹತ್ತಿರ ಕಟಕ್... ಕಟಕ್... ನನ್ನ ಮಂಡಿಯೇ. ಟಪಾಲಿನವಳು. ಒಳಗಿನ ರಬ್ಬರು ಸವೆದಿದೆ. ಅವಳಷ್ಟು ನಡೆಯುವವರಿಗೆ ಆರು ತಿಂಗಳಿಗೊಮ್ಮೆ ಬದಲಿಸಲೇಬೇಕು. ಸೈಕಲ್ ಟ್ಯೂಬಿನ ತುಂಡು ಮಡಿಸಿ ತುರುಕಿಕೊಂಡಿದ್ದಾಳೆ.

"ರಬ್ಬರು ಸಿಗ್ತಿಲ್ಲ ಅಕ್ಕಾ. ಹಳೇದನ್ನ ಕಂಪನಿಯೋರು ನಿಲ್ಲಿಸಿಬಿಟ್ರಂತೆ. ಹೊಸ ಮಂಡೀನೇ ತಗೋಬೇಕಂತೆ. ನನ್ನ ಕೈಲಿ ಎಲ್ಲಾಗುತ್ತೆ?"

ಬೈದಿದ್ದರೆ ವಾಸಿಯಿತ್ತು. ಕಾಗದ ಕೊಟ್ಟು ಹೋದಳು.

ಆಗಸ್ಟ್ 30
ಕಂಪನಿಯವನಿಗೆ ಫೋನ್ ಮಾಡಿದೆ. "ಸೆಂಟಿಮೆಂಟ್ ಬೇಡ ಮೇಡಂ. ಅಗ್ರಿಮೆಂಟ್ ಓದಿ. ನೀವು ಒಂದೇ ಒಂದು ರಬ್ಬರು ಹಾಕಿಕೊಟ್ರೂ ನಾವು ಕೊಟ್ಟಿದ್ದೆಲ್ಲ ವಾಪಸ್." ಇವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡರು.

ಸೆಪ್ಟೆಂಬರ್ 7
ಇವತ್ತು ಟಪಾಲು ತಂದವನು ಬೇರೆ. ಅವಳು ಮೆಟ್ಟಿಲ ಮೇಲೆ ಬಿದ್ದಳಂತೆ. ಮಂಡಿ ತಟ್ಟನೆ ಮಡಚಿಕೊಂಡಿತಂತೆ. ಮಣಿಕಟ್ಟು ಮುರಿದಿದೆ.

ಅಳು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಹಸಿವಾಯಿತು. ನನ್ನ ಮೇಲೆ ನನಗೇ ಹೇಸಿಗೆ.

ಸೆಪ್ಟೆಂಬರ್ 8
ಹಳೆಯ ಸಾಮಾನಿನ ಪೆಟ್ಟಿಗೆ ತೆಗೆದೆ. ಅಡುಗೆ ಕಟ್ಟೆಯ ಮೇಲೆ ರಬ್ಬರು ಕತ್ತರಿಸಿದೆ. ಇವರು ಬಾಗಿಲಲ್ಲಿ ನಿಂತರು.

"ಮನೆ ಹೋಗುತ್ತೆ ಕಣೆ."

"ಗೊತ್ತು ರೀ."

"ನಂಗೆ ಈ ಮನೆ ತುಂಬಾ ಇಷ್ಟ ಕಣೆ."

ಅದೂ ಗೊತ್ತು. ಟಪಾಲಿನವಳ ಮನೆಗೆ ಹೋಗಿ ಹಾಕಿ ಬಂದೆ.

ಸೆಪ್ಟೆಂಬರ್ 21, ಬೆಳಿಗ್ಗೆ 10
ಕಂಪನಿಯವನ ಫೋನ್. "ಯಾರೋ ರಬ್ಬರು ಹಾಕಿಕೊಟ್ಟಿದ್ದಾರೆ, ನಿಮ್ಮ ಹೆಸರು ಕೇಳಿಬರ್ತಿದೆ. ನಾನಲ್ಲ ಅಂದ್ಬಿಡಿ, ಮುಗೀತು." ಇವರು ಎದುರಿಗೆ ಕೈ ಮುಗಿದು ನಿಂತಿದ್ದರು.

"ನಾನೇ ಹಾಕಿದ್ದು" ಅಂದೆ.

ಅಕ್ಷರವೆಲ್ಲ ಸೊಟ್ಟ. ಭಯ. ಆರು ತಿಂಗಳಲ್ಲಿ ಮೊದಲ ಸಲ ನನಗೆ ಏನೋ ಒಂದು ಆಗುತ್ತಿದೆ. ಇವರು ರೂಮಿನ ಬಾಗಿಲು ಹಾಕಿಕೊಂಡಿದ್ದಾರೆ; ಕರೆದರೂ ತೆಗೆಯಲಿಲ್ಲ. ಹೊರಗೆ ನನ್ನ ಮಂಡಿ ಹಾಕಿಕೊಂಡವರೇ ಮೂರು ಜನ ಕಾಯುತ್ತಿದ್ದಾರೆ, ಒಬ್ಬ ಅಜ್ಜನೂ ಸೇರಿ; ಟಪಾಲಿನವಳು ಕಳಿಸಿದಳಂತೆ. ರಬ್ಬರು ಇಬ್ಬರಿಗಾಗುವಷ್ಟೇ ಇದೆ. ಮೊದಲು ಆ ಅಜ್ಜ, ಆಮೇಲೆ —