ಬಾಗಿಲ ಚೌಕಟ್ಟಿನ ಒಂಬತ್ತು ಗೆರೆಗಳು

ಕೌದಿ ಓಣಿ, ಮಣ್ಣೂರು, ಗದಗ ಸೀಮೆ
ಎರಡು ಸಾವಿರದ ಇನ್ನೂರ ಹತ್ತೊಂಬತ್ತನೆಯ ಇಸವಿ, ಫೆಬ್ರವರಿ ಮೂವತ್ತು, ಭಾನುವಾರ

ಐಸಿರಿ, ಪೃಥು ಹಾಗೂ ಅವರ ಮನೆಯ ಎಲ್ಲರಿಗೂ ಇರಾವತಿ ಹುಲಕೋಟಿಯ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ವಾರಕ್ಕೆ ಆರೇ ದಿನ. ಸೋಮವಾರವನ್ನು ನನ್ನ ಮುತ್ತಜ್ಜಿಯ ಕಾಲದಲ್ಲಿ ಮತ ಹಾಕಿ ತೆಗೆದುಬಿಟ್ಟರಂತೆ. ಯಾರೂ ಅದಕ್ಕಾಗಿ ಅತ್ತ ದಾಖಲೆ ಇಲ್ಲ. ಶನಿವಾರ, ಭಾನುವಾರಗಳನ್ನು ಮಾತ್ರ ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ನನ್ನ ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ಕಾಲಕ್ಕೆ ಪತ್ರ ಹಾಕುವ ವ್ಯವಸ್ಥೆಗೆ ನಾವು ಹಾಗೆನ್ನುತ್ತೇವೆ. ಒಂದು ಮನೆಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅನುಮತಿ, ಅದೂ ತಲುಪುತ್ತದೆಂಬ ಭರವಸೆ ಇಲ್ಲ. ನಮ್ಮ ಪಾಲಿನ ಆ ಒಂದು ಕಾಗದವನ್ನು ನಿಮಗೇ ಬರೆಯುವುದೆಂದು ಮನೆಯಲ್ಲಿ ಎಲ್ಲರೂ ಸೇರಿ ತೀರ್ಮಾನಿಸಿದ್ದೇವೆ. ಯಾಕೆಂದರೆ ನಾವು ಗೆದ್ದೆವು, ಮತ್ತು ಗೆದ್ದದ್ದು ನಿಮ್ಮಿಂದ.

ನೀವು ನಮಗೆ ಗೊತ್ತಾದದ್ದು ಒಂದು ಫೋಟೋದಿಂದ. ನಲವತ್ತು ವರ್ಷಗಳ ಹಿಂದೆ ಇಲ್ಲಿನ ಸಂಗ್ರಹಾಲಯದವರು ಪ್ರತಿ ಓಣಿಗೂ ನಿಮ್ಮ ಕಾಲದ ಒಂದೊಂದು ಮನೆಯ ಚಿತ್ರವನ್ನು ಚೀಟಿ ಎತ್ತಿ ಹಂಚಿದರು. ಅದನ್ನು ನೋಡಿಕೊಂಡು ಮನೆ ಸಿಂಗರಿಸುವುದು ಆಗಿನ ಹುಚ್ಚು. ಪಕ್ಕದ ಓಣಿಯವರಿಗೆ ಯಾವುದೋ ಬಂಗಲೆಯ ಚಿತ್ರ ಬಂತು, ಅಮೃತಶಿಲೆಯ ನೆಲ, ತೂಗುದೀಪ, ಎಲ್ಲ ಉಂಟು. ನಮ್ಮ ಓಣಿಯ ಚೀಟಿಗೆ ಬಂದದ್ದು ನಿಮ್ಮ ಹಜಾರ. ಆ ಓಣಿಯವರು ನಮ್ಮನ್ನು ನೋಡಿ ನಕ್ಕರಂತೆ. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರಿಗೆ ಬಂಗಲೆ ಬೇಸರವಾಯಿತು. ನಮಗೆ ನಿಮ್ಮ ಹಜಾರ ಇಂದಿಗೂ ಬೇಸರವಾಗಿಲ್ಲ.

ಯಾಕೆ ಎಂದು ತಿಳಿಯಬೇಕಾದರೆ ನಮ್ಮ ಮನೆಗಳು ಹೇಗಿರುತ್ತವೆ ಎಂದು ಹೇಳಬೇಕು. ಬಿಸಿಲಿನ ಕಾರಣಕ್ಕೆ ಮಣ್ಣೂರಿನ ಮನೆಗಳೆಲ್ಲ ಗುಡ್ಡದ ಮಗ್ಗುಲನ್ನು ಕೊರೆದು ಕಟ್ಟಿದವು, ಬಾಗಿಲೊಂದೇ ಹೊರಗೆ. ಒಳಗಿನ ಗೋಡೆಗಳಿಗೆ ಬೆಳಕುಗೋಡೆ ಎಂದು ಹೆಸರು. ಕಡಲು ಬೇಕೆಂದರೆ ಕಡಲು, ಕಾಡು ಬೇಕೆಂದರೆ ಕಾಡು ಅದರ ಮೇಲೆ ಮೂಡುತ್ತದೆ, ಗಾಳಿಯ ಸದ್ದೂ ಸೇರಿ. ಮೊದಲ ವಾರ ಬಾಯಿ ಬಿಟ್ಟುಕೊಂಡು ನೋಡುತ್ತೇವೆ. ಎರಡನೆಯ ವಾರ ಯಾರೂ ತಿರುಗಿ ನೋಡುವುದಿಲ್ಲ. ಕೈ ಹಚ್ಚಿ ಮಾಡದ ಚೆಲುವಿಗೆ ಮನೆಯೊಳಗೆ ಹೆಚ್ಚು ದಿನ ಬಾಳಿಕೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಇನ್ನು ನೆಲಕ್ಕೆ ಅರಿನೆಲ ಎನ್ನುತ್ತಾರೆ. ಅದರ ಮೇಲೆ ನಡೆದಾಡಿದವರ ತೂಕ, ಎತ್ತರ, ನಡಿಗೆಯ ವ್ಯತ್ಯಾಸ ಎಲ್ಲವನ್ನೂ ಅದೇ ಅಳೆದು ನೇರವಾಗಿ ವೈದ್ಯರಿಗೆ ಕಳಿಸುತ್ತದೆ. ನಮಗೆ ಏನೂ ಹೇಳುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಿಮ್ಮ ಫೋಟೋದಲ್ಲಿ ಇದ್ದುದನ್ನೆಲ್ಲ ನಾವು ಮಾಡಿಕೊಂಡೆವು. ಸೋಫಾದ ಬೆನ್ನಿಗೆ ಕ್ರೋಶಾದ ಹೊದಿಕೆ. ಟಿವಿಯ ಮೇಲಿನ ಪ್ಲಾಸ್ಟಿಕ್ ಗುಲಾಬಿ. ಹಳೆಯ ಇಳಕಲ್ ಸೀರೆ ಕತ್ತರಿಸಿ ಹೊಲಿದ ಪರದೆ. ಗಾಜಿನ ಶೋಕೇಸಿನಲ್ಲಿ ಆರು ಕಪ್ಪು, ಆರು ಬಸಿ. ಅವುಗಳಲ್ಲಿ ಯಾರೂ ಚಹಾ ಕುಡಿದ ಗುರುತು ಕಾಣಲಿಲ್ಲವಾದ್ದರಿಂದ ನಾವೂ ಕುಡಿಯಲಿಲ್ಲ, ನಲವತ್ತು ವರ್ಷಗಳಿಂದ ಬರೀ ಒರೆಸಿ ಇಡುತ್ತಿದ್ದೇವೆ. ನಿಮ್ಮ ಗಡಿಯಾರ ಫೋಟೋ ತೆಗೆದ ಹೊತ್ತಿಗಿಂತ ಹತ್ತು ನಿಮಿಷ ಮುಂದಿತ್ತು. ಆದ್ದರಿಂದ ನಮ್ಮ ಓಣಿಯ ನಲವತ್ತೆರಡು ಮನೆಗಳ ಗಡಿಯಾರಗಳೂ ಹತ್ತು ನಿಮಿಷ ಮುಂದಿವೆ. ಕಾರಣ ಕೇಳಿದರೆ ಯಾರಿಗೂ ತಿಳಿಯದು, ಆದರೂ ನಮ್ಮ ಓಣಿಯವರು ಯಾವ ಕೆಲಸಕ್ಕೂ ತಡವಾಗಿ ಹೋದವರಲ್ಲ.

ಎಲ್ಲಕ್ಕಿಂತ ಪ್ರೀತಿಯದು ಅಡುಗೆಮನೆಯ ಬಾಗಿಲ ಚೌಕಟ್ಟು. ಅದರ ಎಡಗಂಬದ ಮೇಲೆ ಪೆನ್ಸಿಲಿನ ಒಂಬತ್ತು ಗೆರೆಗಳಿದ್ದವು, ಒಂದರ ಮೇಲೊಂದು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು, ತಾರೀಖು. ನಾಲ್ಕಕ್ಕೆ ಐಸಿರಿ ಎಂದಿತ್ತು, ಮೂರಕ್ಕೆ ಪೃಥು, ಎರಡಕ್ಕೆ ಅಜ್ಜಿ. ಮನೆಗೆ ಚಿತ್ತಾರ ಬರೆದವರು ತಮ್ಮ ಹೆಸರು ಹಾಕಿಕೊಂಡಿದ್ದಾರೆ ಎಂದು ನಮ್ಮ ಹಿರಿಯರು ತಿಳಿದರು. ಅದಕ್ಕೆ ಏಣಿಚಿತ್ತಾರ ಎಂದು ಹೆಸರಿಟ್ಟರು. ಪ್ರತಿ ವರ್ಷ ಯುಗಾದಿಗೆ ಮೊದಲು ಒಂದು ಶನಿವಾರ-ಭಾನುವಾರ ಓಣಿಯವರೆಲ್ಲ ಸೇರಿ ಬಾಗಿಲುಗಳ ಸುತ್ತ ಸುಣ್ಣ, ಕೆಮ್ಮಣ್ಣಿನ ಕಾರಣೆ ಬಳಿದು, ಒಂಬತ್ತು ಗೆರೆಗಳನ್ನು ಹೊಸದಾಗಿ ಎಳೆಯುತ್ತೇವೆ. ಆ ಎರಡು ದಿನಗಳ ಸಡಗರ ಕೇಳಬೇಡಿ. ಶನಿವಾರ ಬೆಳಿಗ್ಗೆ ಕೌದಿಗಳೆಲ್ಲ ಬಿಸಿಲಿಗೆ ಬರುತ್ತವೆ. ಯಾರ ಮನೆಯ ಕೌದಿಯಲ್ಲಿ ಯಾರ ಸೀರೆಯ ತುಂಡಿದೆ ಎಂಬ ಚರ್ಚೆಯಲ್ಲೇ ಹನ್ನೊಂದು ಗಂಟೆಯಾಗುತ್ತದೆ. ಮಂಚ ಆ ಕಡೆ, ಕಪಾಟು ಈ ಕಡೆ ಎಂದು ಜಗಳವಾಡಿ, ಕೊನೆಗೆ ಎಲ್ಲವೂ ಮೊದಲಿದ್ದ ಜಾಗಕ್ಕೇ ಮರಳುತ್ತವೆ. ಮಧ್ಯಾಹ್ನ ಓಣಿಯ ನಡುವೆ ದೊಡ್ಡ ಬುಟ್ಟಿಯಲ್ಲಿ ಮಂಡಕ್ಕಿಯ ಗಿರ್ಮಿಟ್ ಕಲಸಿ, ಬಿಸಿ ಮಿರ್ಚಿ ಭಜಿಯ ಜೊತೆ ಎಲ್ಲರೂ ಸುಣ್ಣದ ಕೈ ತೊಳೆದೂ ತೊಳೆಯದ ಹಾಗೆ ಕೂತು ತಿನ್ನುತ್ತೇವೆ. ಭಾನುವಾರ ಯಾರನ್ನೂ ಎಬ್ಬಿಸುವ ಹಾಗಿಲ್ಲ. ನನ್ನ ಜೀವನದ ಸುಖವನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಡು ಎಂದರೆ ಆ ಎರಡು ದಿನಗಳನ್ನೇ ಹಾಕಿ ಕೊಡುತ್ತೇನೆ.

ಗೆರೆ ಎಳೆಯುವ ಅಳತೆ ನನ್ನ ಗಂಡ ಮುರಿಗೆಪ್ಪನ ಜವಾಬ್ದಾರಿ. ಫೋಟೋದ ಬಾಗಿಲನ್ನು ಲೆಕ್ಕ ಹಾಕಿ ಒಂದೊಂದು ಗೆರೆಯೂ ನೆಲದಿಂದ ಎಷ್ಟು ಮೇಲಿರಬೇಕೆಂದು ಕೂದಲೆಳೆಯಷ್ಟೂ ತಪ್ಪದ ಹಾಗೆ ಹಿಡಿಯುತ್ತಾನೆ. ಒಂದೇ ಒಂದು ವಿಷಯದಲ್ಲಿ ಓಣಿಯವರಿಗೂ ಅವನಿಗೂ ಪ್ರತಿ ವರ್ಷ ಜಟಾಪಟಿ. ಐಸಿರಿ, ಪೃಥುವಿನ ಗೆರೆಗಳು ತಾರೀಖು ಮುಂದೆ ಹೋದಂತೆ ಮೇಲೇರುತ್ತವೆ. ಅಜ್ಜಿಯ ಎರಡನೆಯ ಗೆರೆ ಮಾತ್ರ, ಐದು ವರ್ಷ ಕಳೆದ ಮೇಲಿನದು, ಮೊದಲಿನದಕ್ಕಿಂತ ಎರಡು ಬೆರಳು ಕೆಳಗಿದೆ. ಅಜ್ಜಿ ಎಂಬ ಚಿತ್ರಗಾರ್ತಿಯ ಕೈತಪ್ಪು ಎಂದು ಎಲ್ಲರೂ ಆ ಗೆರೆಯನ್ನು ತಿದ್ದಿ ಮೇಲೆ ಬರೆಯುತ್ತಿದ್ದರು. ತಪ್ಪಾದರೂ ಅವರದೇ ತಪ್ಪು, ತಿದ್ದಲು ನಾವ್ಯಾರು ಎಂದು ಮುರಿಗೆಪ್ಪ ನಮ್ಮ ಮನೆಯಲ್ಲಿ ಮಾತ್ರ ಅದನ್ನು ಕೆಳಗೇ ಎಳೆಯುತ್ತಿದ್ದ. ಅವನ ಹಟಕ್ಕೆ ನಾನು ಇಪ್ಪತ್ತು ವರ್ಷ ಬೈದಿದ್ದೇನೆ. ಈಗ ಬೈಗುಳವನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ.

ಈ ವರ್ಷ ಸಂಕ್ರಾಂತಿಯ ಮರುದಿನ ಗೋಡೆಕಚೇರಿಯಿಂದ ಆದೇಶ ಬಂತು. ಮನೆಗಳ ಒಳಭಾಗ ಆ ಕಚೇರಿಯ ಅಧೀನ. ಮರದ ಚೌಕಟ್ಟುಗಳನ್ನೆಲ್ಲ ಕಿತ್ತು, ಬೆಳಕುಗೋಡೆಯನ್ನು ಬಾಗಿಲ ಅಂಚಿನವರೆಗೂ ಹಾಸುವುದೆಂದು ಅವರ ಯೋಜನೆ. ನಿಯಮದಲ್ಲಿ ಒಂದೇ ಕಿಂಡಿಯಿತ್ತು: ಮನೆಯವರ ಬಳಕೆಯಲ್ಲಿರುವುದನ್ನು ಕೀಳುವಂತಿಲ್ಲ, ಬರೀ ಅಲಂಕಾರವಾದದ್ದನ್ನು ಕೀಳಬಹುದು. ಏಣಿಚಿತ್ತಾರ ಅಲಂಕಾರವಲ್ಲದೆ ಮತ್ತೇನು? ಬೇಕಾದರೆ ಅದೇ ಚಿತ್ತಾರವನ್ನು ಬೆಳಕುಗೋಡೆಯ ಮೇಲೆ ಮೂಡಿಸಿಕೊಡುತ್ತೇವೆ ಎಂದು ಅವರು ಸಮಾಧಾನ ಹೇಳಿದರು. ಹಾಗೆ ಮೂಡಿದ ಮೇಲೆ ಸುಣ್ಣ ಯಾರು ಕಲಸಬೇಕು, ಗೆರೆ ಯಾರು ಎಳೆಯಬೇಕು, ಎಲ್ಲರೂ ಯಾವ ನೆಪದಿಂದ ಸೇರಬೇಕು? ಚೌಕಟ್ಟಿನ ಜೊತೆಗೆ ನಮ್ಮ ಆ ಎರಡು ದಿನಗಳನ್ನೂ ಕಿತ್ತುಕೊಂಡು ಹೋಗುತ್ತಾರೆಂದು ನಾನು ಅತ್ತೆ, ಮುಚ್ಚಿಡುವುದೇನಿದೆ.

ಅಧಿಕಾರಿ ಅರಕೇರಿ ಸಾಹೇಬರು ಮಂಗಳವಾರ, ಅಂದರೆ ಇಪ್ಪತ್ತೈದಕ್ಕೆ, ಬರುವವರಿದ್ದರು. ಕೊನೆಯ ಸಲವೆಂದೇ ತಿಳಿದು ಇಪ್ಪತ್ತಮೂರರ ಶನಿವಾರ ಸುಣ್ಣ ಕಲಸಿದೆವು. ಯಾರ ಮುಖದಲ್ಲೂ ಕಳೆಯಿರಲಿಲ್ಲ. ಮುರಿಗೆಪ್ಪ ಗೆರೆಗಳನ್ನು ಎಳೆದು ಮುಗಿಸಿದ. ತೊಂಬತ್ತೊಂದರ ನಮ್ಮವ್ವ ಚೆನ್ನವ್ವ ದಣಿದು ಆ ಕಂಬಕ್ಕೇ ಬೆನ್ನು ಕೊಟ್ಟು ನಿಂತಳು. ಏಳು ವರ್ಷದ ನನ್ನ ಮಗಳು ಪಾವನಿ, ಸ್ಟೂಲಿನ ಮೇಲೆ ನಿಂತು ಅಕ್ಷರ ತುಂಬುತ್ತಿದ್ದವಳು, ಕುಂಚ ಎತ್ತಿದಳು.

“ಅಜ್ಜೀ, ನಿನ್ನ ತಲಿ ಅಜ್ಜಿ ಗೆರಿಗೆ ಹತ್ತೇತಿ ನೋಡ. ಕೆಳಗಿಂದಕ್ಕ.”

ಅವ್ವ ತಿರುಗಿ ನೋಡಿದಳು. ಮೇಲಿನ ಗೆರೆ ನೋಡಿದಳು, ಕೆಳಗಿನ ಗೆರೆ ನೋಡಿದಳು, ತಾರೀಖು ಓದಿಸಿಕೊಂಡಳು. ಆಮೇಲೆ ಕೈಯನ್ನು ತನ್ನ ನೆತ್ತಿಯ ಮೇಲಿಟ್ಟು, ಅಲ್ಲಿಂದ ಕೆಳಗಿನ ಗೆರೆಗೆ ಸರಿಸಿದಳು.

“ಇದು ಚಿತ್ತಾರ ಅಲ್ಲವಾ ಇರಾವತಿ,” ಎಂದಳು. “ಹುಡುಗರು ಬೆಳದಾವ, ಮುದುಕಿ ಕುಗ್ಗ್ಯಾಳ. ನಾ ಕುಗ್ಗಿಲ್ಲೇನು?”

ನಲವತ್ತು ವರ್ಷ ನಲವತ್ತೆರಡು ಮನೆಗಳಲ್ಲಿ ನಿಮ್ಮ ಮಕ್ಕಳ ಎತ್ತರವನ್ನು ನಾವು ಚಿತ್ತಾರವೆಂದು ಬರೆದುಕೊಂಡು ಬಂದಿದ್ದೆವು. ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಹೆಸರಾಗಿದ್ದವರು ಒಂದೇ ಕ್ಷಣದಲ್ಲಿ ಮನುಷ್ಯರಾಗಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಐಸಿರಿ ನನ್ನ ಸೊಂಟಕ್ಕೆ ಬರುತ್ತಿದ್ದಳು, ಆಮೇಲೆ ಎದೆಗೆ. ಪೃಥು ಎರಡು ವರ್ಷ ಅಷ್ಟಾಗಿ ಬೆಳೆದಿರಲಿಲ್ಲ, ಮೂರನೆಯ ವರ್ಷ ಒಮ್ಮೆಲೇ ಗೇಣುದ್ದ ಜಿಗಿದಿದ್ದ. ಅಜ್ಜಿಯನ್ನೂ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ ಗೆರೆ ಎಳೆದ ಪುಣ್ಯಾತ್ಮರು ಯಾರೋ, ಅವರಿಗೆ ನನ್ನ ಕೈಮುಗಿತ.

ಪಾವನಿಯನ್ನು ಕಂಬಕ್ಕೆ ನಿಲ್ಲಿಸಿ ಮೊದಲ ಗೆರೆ ಎಳೆದೆ. ಅವಳು ಎತ್ತರದಲ್ಲಿ ನನ್ನ ಎಲ್ಲಿಯವರೆಗೆ ಬರುತ್ತಾಳೆಂದು ಅವತ್ತಿನವರೆಗೆ ನನಗೆ ತಿಳಿದಿರಲಿಲ್ಲ. ತಿಳಿದದ್ದು ನೆಲಕ್ಕೆ, ವೈದ್ಯರಿಗೆ. ಸುದ್ದಿ ಓಣಿಯ ತುದಿ ಮುಟ್ಟಲು ಐದು ನಿಮಿಷ ಸಾಕಾಯಿತು. ಶನಿವಾರ ಸಂಜೆಯೂ ಭಾನುವಾರ ಇಡೀ ದಿನವೂ ಓಣಿಯಲ್ಲಿ ಬೇರೆ ಕೆಲಸವಿಲ್ಲ. ಹಿಮ್ಮಡಿ ಎತ್ತಿದವರನ್ನು ಬೈದು ಇಳಿಸಿದೆವು. ಕೂದಲು ಉಬ್ಬಿಸಿ ಬಂದವರ ತಲೆ ಅಮುಕಿದೆವು. ಅಣ್ಣತಮ್ಮಂದಿರಲ್ಲಿ ಯಾರು ಎತ್ತರವೆಂದು ಮೂವತ್ತು ವರ್ಷ ವಾದ ಮಾಡಿದವರ ವ್ಯಾಜ್ಯ ತೀರಿತು. ತಿದ್ದಿ ಬರೆದ ಅಜ್ಜಿಯ ಗೆರೆಯನ್ನು ನಲವತ್ತೊಂದು ಮನೆಯವರೂ ತಾವಾಗಿ ಕೆಳಗಿಳಿಸಿದರು. ಮುರಿಗೆಪ್ಪ ಓಣಿಯ ಆ ತುದಿಯಿಂದ ಈ ತುದಿಗೆ ಅಳತೆಪಟ್ಟಿ ಹಿಡಿದು ಎದೆಯುಬ್ಬಿಸಿ ನಡೆದ.

ಮಂಗಳವಾರ ಅರಕೇರಿ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಆದರೆ ನಿಯಮದ ಮನುಷ್ಯ. ಎತ್ತರ ಅಳೆಯಲು ಅರಿನೆಲ ಇರುವಾಗ ಈ ಕಂಬ ಬಳಕೆಯಲ್ಲಿದೆ ಎನ್ನುವುದು ಹೇಗೆ ಎಂದು ಕೇಳಿದರು. ನಾನು ಎರಡು ದಿನ ವಾದ ಸಿದ್ಧ ಮಾಡಿಕೊಂಡಿದ್ದೆ. ಉತ್ತರ ಕೊಟ್ಟವಳು ಅವ್ವ.

“ನೆಲಕ್ಕ ಗೊತ್ತಿತ್ತರೀ ಸಾಹೇಬ್ರ. ನಮಗ ಗೊತ್ತಿರಲಿಲ್ಲ.”

ಅವರು ಕಾಗದ ಮಡಿಚಿ ನಿಂತರು. ಅವ್ವ ಅವರ ಚಪ್ಪಲಿ ಬಿಡಿಸಿ, ಕಂಬಕ್ಕೆ ನಿಲ್ಲಿಸಿ, ಗೆರೆ ಎಳೆಯಲು ಪಾವನಿಗೆ ಹೇಳಿದಳು. ಸಾಹೇಬರು ತಮ್ಮ ಗೆರೆಯನ್ನು ತಿರುಗಿ ನೋಡಿದಾಗ ಅವರ ಮುಖ ಶಾಲೆಗೆ ಹೋಗುವ ಮಗುವಿನದಾಗಿತ್ತು. ಮುಂದಿನ ವರ್ಷವೂ ಇದು ಇಲ್ಲಿರುತ್ತದೆಯೇ ಎಂದು ಕೇಳಿದರು. ಅದು ನಿಮ್ಮ ಕೈಯಲ್ಲೇ ಇದೆಯಲ್ಲ ಎಂದೆ. ತಮ್ಮ ಪಟ್ಟಿಯಲ್ಲಿ ನಲವತ್ತೆರಡು ಮನೆಗಳ ಎದುರೂ ‘ಬಳಕೆಯಲ್ಲಿದೆ’ ಎಂದು ಬರೆದು ಸಹಿ ಹಾಕಿದರು. ಶೋಕೇಸಿನ ಕಪ್ಪುಗಳನ್ನು ಅವತ್ತು ಮೊದಲ ಸಲ ಇಳಿಸಿ ಎಲ್ಲರಿಗೂ ಚಹಾ ಕೊಟ್ಟೆವು. ನಿಮ್ಮ ಅಪ್ಪಣೆ ಇಲ್ಲದೆ ಮಾಡಿದ ಬದಲಾವಣೆ ಇದೊಂದೇ. ನಿನ್ನೆ ಆ ಬಂಗಲೆಯ ಓಣಿಯವರು ಬಂದು, ಒಂದು ಮರದ ಕಂಬ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ ಹೋದರು. ನಾವು ನಗಲಿಲ್ಲ. ಅವರು ಹೋದ ಮೇಲೆ ಸ್ವಲ್ಪ ನಕ್ಕೆವು.

ಈಗ ಈ ಕಾಗದದ ನಿಜವಾದ ಕಾರಣ. ನಿಮ್ಮ ಫೋಟೋದ ಮೂಲೆಯಲ್ಲಿ, ಆ ಚೌಕಟ್ಟಿನ ಕೆಳಗೆ, ಹಳೆಯ ಪೇಪರು ಹಾಸಿದೆ. ಅದರ ಮೇಲೆ ಬಿಳಿ ಬಣ್ಣದ ಡಬ್ಬಿ, ಮುಚ್ಚಳ ತೆರೆದಿದೆ, ಕುಂಚಕ್ಕೆ ಇನ್ನೂ ಬಣ್ಣ ಹತ್ತಿಲ್ಲ. ನಲವತ್ತು ವರ್ಷ ಅದನ್ನೂ ಸಿಂಗಾರದ ಭಾಗವೆಂದು ತಿಳಿದು ನಾವೂ ಪ್ರತಿ ಮನೆಯಲ್ಲಿ ಒಂದು ಡಬ್ಬಿ ಇಟ್ಟಿದ್ದೆವು. ಮೊನ್ನೆಯಷ್ಟೇ ಅದರ ಅರ್ಥವೂ ಹೊಳೆಯಿತು. ನೀವು ಮನೆಗೆ ಹೊಸ ಬಣ್ಣ ಹೊಡೆಯಲು ಹೊರಟಿದ್ದೀರಿ. ಆ ದಿನ ಮುಂದೆ ಏನಾಯಿತೆಂದು ನಮ್ಮ ಸಂಗ್ರಹಾಲಯಕ್ಕೂ ತಿಳಿಯದು.

ಇಡೀ ಮನೆಗೆ ಹೊಡೆಯಿರಿ, ಚಂದ ಕಾಣಲಿ, ಯಾವ ಬಣ್ಣವೆಂದು ಮನಸ್ಸು ತುಂಬ ಜಗಳವಾಡಿ. ಆ ಎಡಗಂಬವನ್ನು ಮಾತ್ರ ಬಿಡಿ. ಅಲ್ಲಿ ಅಜ್ಜಿಯದು ಎರಡೇ ಗೆರೆ. ಅವರು ಇನ್ನೂ ಮನೆಯಲ್ಲಿದ್ದರೆ, ಕುಂಚ ಕೆಳಗಿಟ್ಟು, ಈ ಭಾನುವಾರವೇ ಅವರನ್ನು ಕರೆದು ಕಂಬಕ್ಕೆ ನಿಲ್ಲಿಸಿ. ಅವರು ಬೇಡ, ನಾನೆಲ್ಲಿ ಬೆಳೆಯುತ್ತೇನೆ ಎಂದು ನಾಚಬಹುದು. ಅದಕ್ಕೆ ಅವ್ವ ಇಲ್ಲಿಂದ ಒಂದು ಮಾತು ಹೇಳಿ ಕಳಿಸಿದ್ದಾಳೆ. ಅವಳು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

“ಯಕ್ಕಾ, ನಿನ್ನ ಗೆರಿ ಕೆಳಗ ಬಂದಿದ್ದಕ್ಕ ನಮ್ಮ ಮನಿ ಉಳೀತು. ಹಿಮ್ಮಡಿ ಎತ್ತಬ್ಯಾಡ, ನೆಟ್ಟಗ ನಿಂದರು.”